ಡ್ರೈವರ್ ಇಲ್ಲದ ದೀಪಗಳು

ಆಗಸ್ಟ್ 18, ಸೋಮವಾರ

ಈ ಪುಸ್ತಕ ತಂದದ್ದು ಯಾವ ಎಲ್‌ಇಡಿ ಬೋರ್ಡಿಗೆ ಯಾವ ಡ್ರೈವರ್, ಅಂದರೆ ಕರೆಂಟನ್ನು ಹದ ಮಾಡಿ ಕೊಡುವ ಡಬ್ಬಿ, ಹೊಂದುತ್ತದೆ ಎಂದು ಬರೆದಿಟ್ಟುಕೊಳ್ಳಲು. ತಲೆಯಲ್ಲಿ ಇಟ್ಟುಕೊಂಡರೆ ಉಳಿಯುವುದಿಲ್ಲ. ಒಂಬತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು ನಾನು. ವೋಲ್ಟು, ಆಂಪಿಯರ್ ಎಲ್ಲ ಪೀಣ್ಯದ ಲೈಟ್ ಫ್ಯಾಕ್ಟರಿಯಲ್ಲಿ ಬೆಸುಗೆ ಹಾಕುತ್ತಾ ಕಲಿತದ್ದು, ಅದೂ ಸೂಪರ್‌ವೈಸರ್ ಬೈದಷ್ಟು ಮಾತ್ರ. ಈಗ ಮನೆಯಲ್ಲೇ ಲೈಟು ಮಾಡಿ ಕೊಡುತ್ತೇನೆ. ಮಾಡಿ ಕೊಟ್ಟ ಮೇಲೆ ನಾಲ್ಕು ದಿನ ನಿದ್ದೆ ಬರುವುದಿಲ್ಲ, ಎಲ್ಲಿ ಸುಟ್ಟುಹೋಯಿತೋ ಎಂದು.

ಇವತ್ತು ಮಹೇಶ್ ಸಾರ್ ಫೋನ್ ಮಾಡಿದ್ದರು. ಕಾಮಾಕ್ಷಿಪಾಳ್ಯದ ಶೆಡ್ಡು ಸಾಲದೆಂದು ಇಲ್ಲೇ ಹೇರೋಹಳ್ಳಿಯಲ್ಲಿ ಇನ್ನೊಂದು ಕಟ್ಟಿಸಿದ್ದಾರೆ. ಆಯುಧಪೂಜೆಯೊಳಗೆ ಇಪ್ಪತ್ತು ಲೈಟು ಬೇಕಂತೆ.

"ಹಳೇ ಶೆಡ್ಡಿಗೆ ಮಾಡ್ಕೊಟ್ಟಿದ್ಯಲ್ಲ ದಾನಮ್ಮ, ಅದೇ ಥರದ್ದು ಸಾಕು. ಬೆಳಕು ಸಖತ್ತಾಗಿದೆ" ಅಂದರು.

ಇವರ ಬಗ್ಗೆ ಒಂದು ಮಾತು ಕೇಳಲಿಲ್ಲ. ಅದೇ ಹಳೇ ಶೆಡ್ಡಿನಲ್ಲಿ, ಅದೇ ಬೆಳಕಿನಲ್ಲಿ, ಜುಲೈ ಮೂರರಂದು ನನ್ನ ಗಂಡನ ಬಲಗೈಯ ಮೂರು ಬೆರಳು ಲೇತ್ ಮೆಷಿನ್ನಿಗೆ ಹೋದವು. ಮಹೇಶ್ ಸಾರ್ ಅಪಘಾತದ ಕಾಗದದಲ್ಲಿ 'ಕುಡಿದಿದ್ದ' ಎಂದು ಬರೆದರು. ಆಮೇಲೆ ಕೆಲಸಕ್ಕೆ ಕರೆಯಲಿಲ್ಲ.

ನಾನು ಆಯ್ತು ಸಾರ್ ಅಂದೆ. ಯಾಕೆ ಅಂದೆನೋ.

ಆಗಸ್ಟ್ 20, ಬುಧವಾರ

ಇವತ್ತು ಬೆಳಿಗ್ಗೆ ಇವರು ಮಿಕ್ಸಿಯ ಮುಂದೆ ನಿಂತಿದ್ದರು. ಚಟ್ನಿ ರುಬ್ಬಿ ಮುಗಿದಿತ್ತು, ಪ್ಲಗ್ಗೂ ಕಿತ್ತಿದ್ದೆ. ಆದರೂ ಜಾರಿನೊಳಗೆ ಚಮಚ ಹಾಕಲು ಕೈ ಮುಂದೆ ಹೋಗುತ್ತಿಲ್ಲ. ಬಗ್ಗಿ ನೋಡುತ್ತಾರೆ, ಕಿವಿ ಕೊಡುತ್ತಾರೆ, ಮತ್ತೆ ನೋಡುತ್ತಾರೆ.

"ನಿಂತೈತಿ ತೆಗೀರಿ" ಅಂದೆ.

"ಅವತ್ತೂ ನಿಂತಿತ್ತು" ಅಂದರು.

ಆಸ್ಪತ್ರೆಯ ದಿನದಿಂದ ಇದೊಂದೇ ಮಾತು. ನೀರು ಕುಡಿದು ಬಂದೆ, ಚಕ್ಕು ನಿಂತಿತ್ತು, ಕೈ ಹಾಕಿದೆ. ಚಕ್ಕು ಎಂದರೆ ಹಿತ್ತಾಳೆ ತುಂಡನ್ನು ನಾಲ್ಕು ಹಲ್ಲಿನಲ್ಲಿ ಕಚ್ಚಿಕೊಂಡು ತಿರುಗುವ ಬಾಯಿ. ಇಪ್ಪತ್ತೆರಡು ವರ್ಷ ಅದರ ಮುಂದೆ ನಿಂತ ಮನುಷ್ಯನಿಗೆ ತಿರುಗುವುದು ಯಾವುದು, ನಿಂತದ್ದು ಯಾವುದು ತಿಳಿಯುವುದಿಲ್ಲವೇ? ಎಲ್ಲರೂ ಹೀಗೇ ಕೇಳುತ್ತಾರೆ. ಮನೆ ಓನರ್ ಚಿಕ್ಕಲಕ್ಷ್ಮಮ್ಮ ನಲ್ಲಿ ಹತ್ತಿರ ಸಿಕ್ಕಾಗ ಕೇಳಿದರು: "ಈಗ್ಲಾದ್ರೂ ಬಿಟ್ಟವ್ನಾ ನಿನ್ ಗಂಡ? ಬೆರಳು ಹೋದ್ಮೇಲೂ ಬುದ್ಧಿ ಬರ್ಲಿಲ್ಲ ಅಂದ್ರೆ ಇನ್ನೇನ್ ಹೋಗ್ಬೇಕಮ್ಮ?"

ಬಿಟ್ಟು ಒಂದೂವರೆ ವರ್ಷ ಆಯಿತು ಆಂಟಿ ಅನ್ನಬೇಕಿತ್ತು. ಕೊಡ ತುಂಬಿತು, ಎತ್ತಿಕೊಂಡು ಬಂದೆ.

ಮಲಗಿದ್ದಾಗ ಇವರ ಬಾಯಿ ವಾಸನೆ ನೋಡಿದೆ. ಏನೂ ಇರಲಿಲ್ಲ. ನಿನ್ನೆಯೂ ನೋಡಿದ್ದೆ.

ಆಗಸ್ಟ್ 23, ಶನಿವಾರ

ಎಸ್‌ಪಿ ರೋಡಿನ ಎಲೆಕ್ಟ್ರಿಕ್ ಅಂಗಡಿಗಳಿಗೆ ಹೋಗಿಬಂದೆ. ಲೈಟು ಮಾಡಲು ಮೂರು ದಾರಿ ಇವೆ. ಮರೆಯುವ ಮೊದಲು ಬರೆಯುತ್ತೇನೆ.

ಒಂದು, ಡೈರೆಕ್ಟ್ ಬೋರ್ಡು. ಡ್ರೈವರ್ ಬೇಡ, ಮನೆ ಕರೆಂಟನ್ನು ಹಾಗೇ ಕೊಟ್ಟರೆ ಉರಿಯುತ್ತದೆ. ಹಳೇ ಶೆಡ್ಡಿಗೆ ಇದನ್ನೇ ಹಾಕಿದ್ದು. ಬೇಗ ಆಗುತ್ತದೆ, ಮಹೇಶ್ ಸಾರ್ ಇದನ್ನೇ ಕೇಳುತ್ತಿದ್ದಾರೆ.

ಎರಡು, ಒಂದೊಂದು ಲೈಟಿಗೆ ಒಂದೊಂದು ಡ್ರೈವರ್. ಇಪ್ಪತ್ತು ಎಲ್‌ಇಡಿ ಒಂದರ ಹಿಂದೆ ಒಂದು, ತಲಾ ಮೂರು ವೋಲ್ಟು, ಒಟ್ಟು ಅರವತ್ತು. ಡ್ರೈವರ್ ಮೇಲೆ 48–72 ಎಂದು ಬರೆದಿರುವುದು ಬೇಕು, ಕರೆಂಟು ಮುನ್ನೂರು ಮಿಲಿಆಂಪಿಯರ್. ಅರವತ್ತು ನಡುವೆ ಕೂತರೆ ಬಿಸಿಯಾಗುವುದಿಲ್ಲ. ಅಂಚಿಗೆ ಕೂತರೆ ಆರು ತಿಂಗಳಲ್ಲಿ ಸಾಯುತ್ತದೆ.

ಮೂರು, ಎಲ್ಲ ಲೈಟಿಗೂ ಸೇರಿ ಇಪ್ಪತ್ನಾಲ್ಕು ವೋಲ್ಟಿನ ಒಂದೇ ದೊಡ್ಡ ಪವರ್ ಸಪ್ಲೈ. ಅದು ಹೋದರೆ ಇಡೀ ಶೆಡ್ಡು ಕತ್ತಲು. ಉದ್ದ ವೈರಿನಲ್ಲಿ ಕೊನೆಯ ಲೈಟು ಮಂಕಾಗುತ್ತದೆ. ಬೇಡ. ಬೇಡವೆಂದರೂ ನಾಳೆ ಇನ್ನೊಮ್ಮೆ ಯೋಚನೆ ಮಾಡಬೇಕು.

ಅಂಗಡಿಯವನು ಡೈರೆಕ್ಟ್ ಬೋರ್ಡು ಹೊತ್ತಿಸಿ ಫೋನಿನ ಕ್ಯಾಮೆರಾ ಹಿಡಿದು ತೋರಿಸಿದ. ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿಯುತ್ತಿದ್ದವು. ಒಳ್ಳೆ ಡ್ರೈವರಿನ ಲೈಟಿಗೆ ಹಿಡಿದರೆ ಪಟ್ಟೆ ಇಲ್ಲ.

"ಪಟ್ಟೆ ಬಂದ್ರೆ ಏನಾಗ್ತದ್ರಿ?" ಎಂದು ಕೇಳಿದೆ.

"ವಿಡಿಯೋ ಮಾಡೋರಿಗೆ ಪ್ರಾಬ್ಲಂ ಅಕ್ಕ. ನಿಮ್ ಶೆಡ್ಡಲ್ಲಿ ಯಾರಾದ್ರೂ ರೀಲ್ಸ್ ಮಾಡ್ತಾರಾ?" ಅಂದ. ಪಕ್ಕದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಸ್ಯಾಂಪಲ್ಲಿಗೆ ನಾಲ್ಕು ಬಗೆಯ ಡ್ರೈವರ್ ತಂದಿದ್ದೇನೆ.

ಆಗಸ್ಟ್ 24, ಭಾನುವಾರ

ಒಂದು ಡ್ರೈವರ್ ಮುಟ್ಟಿದರೆ ಚುರುಕ್ಕೆನ್ನುವಷ್ಟು ಬಿಸಿ. ಇನ್ನೊಂದು ಹೊತ್ತಿದ ಕೂಡಲೇ ಕೀಂಯ್ ಎನ್ನುತ್ತದೆ. ಎರಡನ್ನೂ ಬದಿಗಿಟ್ಟೆ. ಇವರು ಬಾಗಿಲಲ್ಲಿ ಕೂತು ಬೀದಿ ನೋಡುತ್ತಿದ್ದರು.

ಆಗಸ್ಟ್ 28, ಗುರುವಾರ

ಬರೆಯಲೇ ಬೇಡವೇ ಎಂದು ಯೋಚಿಸಿದೆ. ಬರೆಯದಿದ್ದರೆ ಎದೆಯಲ್ಲಿ ಕೂತಿರುತ್ತದೆ.

ನಮ್ಮ ಹಿಂದಿನ ಕೋಣೆಗೆ ಕಿಟಕಿ ಇಲ್ಲ. ಹಗಲೂ ಲೈಟು ಬೇಕು. ಹನ್ನೊಂದು ಗಂಟೆಗೆ ಅಲ್ಲಿ ಕೂತು ಹಳೇ ಡೈರೆಕ್ಟ್ ಬೋರ್ಡಿನ ಲೈಟನ್ನೂ ಹೊಸ ಡ್ರೈವರಿನ ಲೈಟನ್ನೂ ಒಂದಾದ ಮೇಲೊಂದು ಹೊತ್ತಿಸಿ ನೋಡುತ್ತಿದ್ದೆ. ಸೆಕೆ ಎಂದು ಫ್ಯಾನು ಹಾಕಿದ್ದೆ. ಹೊಸ ಲೈಟಿನಲ್ಲಿ ಫ್ಯಾನು ಎಂದಿನಂತೆ ಮಬ್ಬು ಚಕ್ರ. ಹಳೆಯದನ್ನು ಹೊತ್ತಿಸಿ ತಲೆ ಎತ್ತಿದೆ.

ಫ್ಯಾನು ನಿಂತಿತ್ತು.

ಮೂರು ರೆಕ್ಕೆ ಇರಬೇಕಾದ ಕಡೆ ಹದಿನೈದೋ ಹದಿನೆಂಟೋ ರೆಕ್ಕೆಗಳು, ಹೂವಿನ ಎಸಳಿನಂತೆ, ಒಂದೂ ಅಲುಗದೆ. ಆದರೆ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಪೇಪರನ್ನು ಸುರುಳಿ ಸುತ್ತಿ, ಸ್ಟೂಲು ಹತ್ತಿ, ಆ ನಿಂತ ರೆಕ್ಕೆಗಳ ನಡುವಿನ ಜಾಗಕ್ಕೆ ಮೆಲ್ಲಗೆ ಹಿಡಿದೆ. ಕೈಯಿಂದ ಕಿತ್ತುಕೊಂಡು ಗೋಡೆಗೆ ಎಸೆಯಿತು.

"ಏನದು ಸಪ್ಪಳ?" ಎಂದು ಇವರು ಹೊರಗಿನಿಂದ ಕೇಳಿದರು.

"ಏನಿಲ್ರಿ, ಪೇಪರ್ ಬಿತ್ತು" ಅಂದೆ.

ಆಗಸ್ಟ್ 29, ಶುಕ್ರವಾರ

ಹಳೇ ಶೆಡ್ಡಿನಲ್ಲಿ ಇವರ ಮೆಷಿನ್ನಿನ ಮೇಲೆ ಮಾತ್ರ ಎರಡು ಲೈಟು ಹೆಚ್ಚಿಗೆ ಹಾಕಿದ್ದೆ. ಕಣ್ಣು ನೋಯುತ್ತದೆ ಅನ್ನುತ್ತಿದ್ದರಲ್ಲ ಎಂದು.

ಸೆಪ್ಟೆಂಬರ್ 2, ಮಂಗಳವಾರ

ಕಾಮಾಕ್ಷಿಪಾಳ್ಯದ ಲಿಂಗಪ್ಪನವರ ಹತ್ತಿರ ಹೋಗಿದ್ದೆ. ರಾಜಾಜಿನಗರದ ಕಾರ್ಖಾನೆಗಳಲ್ಲಿ ನಲವತ್ತು ವರ್ಷ ವೈರಿಂಗ್ ಮಾಡಿದವರು. ಈಗ ಮಗನ ಮೋಟಾರ್ ರಿಪೇರಿ ಅಂಗಡಿ ಮುಂದೆ ಕೂತಿರುತ್ತಾರೆ. ಡ್ರೈವರ್ ತೋರಿಸುವ ನೆಪದಲ್ಲಿ, ಶೆಡ್ಡಿನ ಲೈಟಿನಲ್ಲಿ ತಿರುಗುವ ಲೇತ್ ನಿಂತಂತೆ ಕಾಣಬಹುದೇ ಎಂದು ಕೇಳಿದೆ.

"ಲೇತ್ ಮೇಲೆ ಬಗ್ಗೋ ಕುತ್ತಿಗೆದು ಒಂದು ಹಳದಿ ಬಲ್ಬ್ ಇರುತ್ತಲ್ಲ, ಅದಿದೆಯಾ ಆ ಶೆಡ್ಡಲ್ಲಿ?" ಅಂದರು.

"ಇತ್ತು ತಾತ. ಕಿತ್ತೆ. ಓನರ್ ಕಿತ್ತು ಹಾಕು ಅಂದ್ರು, ಕರೆಂಟ್ ತಿನ್ನುತ್ತೆ ಅಂತ."

"ಅದು ಬೆಳಕಿಗೆ ಇಟ್ಟಿದ್ದಲ್ಲಮ್ಮ."

ಆಮೇಲೆ ನಿಧಾನವಾಗಿ ಹೇಳಿದರು. ಬಲ್ಬಿನೊಳಗಿನ ತಂತಿ ಕಾದೇ ಇರುತ್ತದೆ, ಕರೆಂಟು ಮಿಟುಕಿದರೂ ಅದು ಮಿಟುಕುವುದಿಲ್ಲ. ನನ್ನ ಡೈರೆಕ್ಟ್ ಬೋರ್ಡು ಸೆಕೆಂಡಿಗೆ ನೂರು ಸಲ ಆರಿ ಹೊತ್ತುತ್ತದೆ, ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ಚಕ್ಕಿನ ವೇಗ ಅದಕ್ಕೆ ಸರಿಯಾಗಿ ಕೂತುಬಿಟ್ಟರೆ, ಪ್ರತಿ ಸಲ ಬೆಳಕು ಬಂದಾಗಲೂ ಅದೇ ಜಾಗದಲ್ಲಿ ಒಂದು ಹಲ್ಲು ಇರುತ್ತದೆ. ನಿಂತ ಹಾಗೇ ಕಾಣುತ್ತದೆ.

"ಟ್ಯೂಬ್‌ಲೈಟ್ ಕಾಲದಲ್ಲೂ ಈ ಕಾಟ ಇತ್ತು. ಅದಕ್ಕೇ ಪಕ್ಕಪಕ್ಕದ ಎರಡು ಟ್ಯೂಬನ್ನ ಕರೆಂಟಿನ ಬೇರೆ ಬೇರೆ ಫೇಸಿಗೆ ಹಾಕ್ತಿದ್ವಿ. ಒಂದು ಮಂಕಾದಾಗ ಇನ್ನೊಂದು ಉರೀತಿರುತ್ತೆ. ನೀನೆಂಗ್ ಹಾಕಿದೀಯ?"

"ಎಲ್ಲಾ ಒಂದೇ ಫೇಸಿಗೆ. ವೈರ್ ಉಳಿಯುತ್ತೆ ಅಂತ."

"ಎಲ್ಲಾ ಸ್ಪೀಡಲ್ಲೂ ಹಂಗ್ ಕಾಣಲ್ಲ. ಒಂದೆರಡು ಸ್ಪೀಡಲ್ಲಿ ಮಾತ್ರ" ಅಂದರು. ನನ್ನ ಮುಖ ನೋಡಿದರು. "ಯಾಕಮ್ಮ ಕೇಳ್ತಿದೀಯ?"

"ಸುಮ್ನೆ ತಾತ."

ಜುಲೈ ಮೊದಲ ವಾರ ಹಿತ್ತಾಳೆ ಕೆಲಸ ಬಂದಿತ್ತು. ಹಿತ್ತಾಳೆಗೆ ವೇಗ ಹೆಚ್ಚು ಬೇಕೆಂದು ಬೆಲ್ಟನ್ನು ಬೇರೆ ಗಾಲಿಗೆ ಹಾಕಿದ್ದೆವು ಎಂದು ಇವರೇ ಹೇಳಿದ್ದರು. ಪಕ್ಕದಲ್ಲಿ ತಗಡು ಒತ್ತುವ ಪ್ರೆಸ್ಸು ಬಡಿಯುತ್ತಿತ್ತು, ಲೇತ್ ಸದ್ದು ಕೇಳುತ್ತಿರಲಿಲ್ಲ ಎಂದೂ ಹೇಳಿದ್ದರು. ಎಲ್ಲ ಹೇಳಿದ್ದರು. ನಾನು ಕೇಳಿಸಿಕೊಂಡಿರಲಿಲ್ಲ.

ಸೆಪ್ಟೆಂಬರ್ 5, ಶುಕ್ರವಾರ

ಯಾರಿಗೂ ಹೇಳಿಲ್ಲ.

ಲೈಟು ಹಾಕಿದ ಕಡೆಯೆಲ್ಲ ಏನೋ ನಿಂತುಕೊಂಡು ನನ್ನನ್ನೇ ನೋಡುತ್ತಿರುವಂತೆ ಆಗುತ್ತದೆ. ಹಿಂದಿನ ಕೋಣೆಯ ಹಳೇ ಲೈಟು ತೆಗೆದುಬಿಟ್ಟೆ. ಆದರೂ ಫ್ಯಾನಿನ ಕಡೆ ತಲೆ ಎತ್ತುವುದಿಲ್ಲ. ಕಣ್ಣು ಮುಚ್ಚಿದರೆ ಆ ಎಸಳುಗಳು ಕಾಣುತ್ತವೆ, ಅವುಗಳ ನಡುವೆ ಒಂದು ಕೈ, ಅವಸರವಿಲ್ಲದೆ ಒಳಗೆ ಹೋಗುತ್ತಾ.

ಆಸ್ಪತ್ರೆಯಲ್ಲಿ ಪರದೆ ಸರಿಸಿ ನಾನು ಒಳಗೆ ಹೋದಾಗ ಇವರು ಎಚ್ಚರವಾಗಿದ್ದರು. ನಾನು ಕೇಳಿದ ಮೊದಲ ಮಾತು ನೋಯುತ್ತದೆಯೇ ಎಂದಲ್ಲ. "ಕುಡಿದಿದ್ರೇನ್ರಿ?" ಎಂದು.

ಸೆಪ್ಟೆಂಬರ್ 8, ಸೋಮವಾರ

ಡ್ರೈವರ್ ಆಯ್ಕೆ ಆಯಿತು. ತಂದ ನಾಲ್ಕರಲ್ಲಿ ಮೂರನೆಯದು. ಎರಡು ದಿನ ಬಿಡದೆ ಉರಿಸಿದೆ, ಬೆಚ್ಚಗಿದೆ ಅಷ್ಟೆ. ಕ್ಯಾಮೆರಾದಲ್ಲಿ ಪಟ್ಟೆ ಇಲ್ಲ. ಫ್ಯಾನಿನ ಎಲ್ಲ ವೇಗದಲ್ಲೂ ನೋಡಿದೆ, ಮಬ್ಬು ಚಕ್ರವೇ. ಹೊಸ ಶೆಡ್ಡಿಗೆ ಇದನ್ನೇ ಹಾಕಿ, ಹಳೇ ಶೆಡ್ಡಿನಲ್ಲಿಯೂ 'ಗ್ಯಾರಂಟಿ ಬದಲಾವಣೆ' ಎಂದು ಹೇಳಿ ಎಲ್ಲವನ್ನೂ ಬದಲಿಸಿಬಿಟ್ಟರೆ ಮುಗಿಯಿತು. ಇನ್ನು ಮುಂದೆ ಯಾರ ಕೈಯೂ ಹೋಗುವುದಿಲ್ಲ. ಯಾರೂ ಏನೂ ಕೇಳುವುದಿಲ್ಲ.

ಲಿಂಗಪ್ಪ ತಾತ ಯಾರ ಹತ್ತಿರವಾದರೂ ಬಾಯಿ ಬಿಟ್ಟರೆ? ಬಿಡಲಾರರು. ಬಿಟ್ಟರೆ?

ಸೆಪ್ಟೆಂಬರ್ 10, ಬುಧವಾರ

ಇವರ ಕೈಯನ್ನು ಆಸ್ಪತ್ರೆಯಲ್ಲಿ ತೋರಿಸಿಕೊಂಡು ವಾಪಸ್ಸು ಬರುವಾಗ ದೀಪಾಂಜಲಿ ನಗರದ ಹತ್ತಿರ ಬಸ್ಸಿಗೆ ಕಾಯುತ್ತಿದ್ದೆವು. ಬಸ್ಸು ಬಂದು ನಿಂತಿತು. ನಾನು ಹತ್ತಿದೆ. ಇವರು ಕೆಳಗೇ ನಿಂತು ಬಸ್ಸಿನ ಚಕ್ರ ನೋಡುತ್ತಿದ್ದಾರೆ.

"ಹತ್ತಪ್ಪ, ಮುಹೂರ್ತ ಕೇಳ್ಬೇಕಾ?" ಅಂದ ಕಂಡಕ್ಟರು. ಮುಂದಿನ ಸೀಟಿನ ಹೆಂಗಸು "ಎಣ್ಣೆ ಪಾರ್ಟಿ ಇರ್ಬೇಕು" ಅಂದಳು. ಇವರು ಹತ್ತಲಿಲ್ಲ. ನಾನು ಇಳಿದೆ. ಬಸ್ಸು ಹೋಯಿತು.

ಸ್ಟಾಪಿನ ಕಲ್ಲಿನ ಮೇಲೆ ಕೂತು ಮಾತಾಡಿದರು.

"ಕುಡಿದಿದ್ದೆ ಏನೋ ದಾನಮ್ಮ. ನೀ ಅಂದಂಗ. ಎಲ್ಲಾರೂ ಅನ್ನಾಕತ್ತಾರ ಅಂದ ಮ್ಯಾಲ ಇದ್ದರೂ ಇರಬಹುದು. ನನಗ ನೆನಪಿಲ್ಲೇನೋ."

"ಹಂಗ್ಯಾಕ ಅಂತೀರಿ?"

"ಇಲ್ಲಾಂದ್ರ ನನ್ನ ಕಣ್ಣ ಸುಳ್ಳ ಹೇಳ್ಯಾವ ಅಂತಾಯ್ತು. ಕಣ್ಣ ಸುಳ್ಳ ಹೇಳಿದ್ರ ನಾ ಹೆಂಗ ಬಾಳ್ವೆ ಮಾಡ್ಲಿ? ಕುಡಿದಿದ್ದೆ ಅಂದ್ಕೊಂಡ್ರ ಹಗುರ ಆಗ್ತದ."

ಅಲ್ಲೇ ಹೇಳಬೇಕಿತ್ತು. ಆಟೋ ಮಾಡಿಕೊಂಡು ಬಂದೆವು.

ಮನೆಗೆ ಬಂದು ಮಹೇಶ್ ಸಾರ್‌ಗೆ ಫೋನ್ ಮಾಡಿದೆ. ಭಾನುವಾರ ಹಳೇ ಶೆಡ್ಡಿನಲ್ಲಿ ಲೈಟ್ ಸ್ಯಾಂಪಲ್ ತೋರಿಸುತ್ತೇನೆ, ಹಿತ್ತಾಳೆಗೆ ಹಾಕುವ ವೇಗಕ್ಕೆ ಬೆಲ್ಟು ಇಟ್ಟಿರಿ ಅಂದೆ. "ಲೈಟಿಗೂ ಬೆಲ್ಟಿಗೂ ಏನಮ್ಮ ಸಂಬಂಧ?" ಅಂದರು. "ಬಂದಾಗ ತೋರಿಸ್ತೀನಿ ಸಾರ್" ಅಂದೆ.

ಸೆಪ್ಟೆಂಬರ್ 13, ಶನಿವಾರ

ಒಂದು ಹಳದಿ ಬಲ್ಬ್ ತಂದಿಟ್ಟೆ.

ಸೆಪ್ಟೆಂಬರ್ 14, ಭಾನುವಾರ

ಸಾಮಾನು ಹೊರಬೇಕು ಬನ್ನಿ ಎಂದು ಇವರನ್ನು ಕರೆದುಕೊಂಡು ಹೋದೆ. ಶೆಡ್ಡಿನ ಬಾಗಿಲವರೆಗೆ ಬಂದರು, ಒಳಗೆ ಬರಲಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನವರು ಸದ್ದೆಂದು ಗಲಾಟೆ ಮಾಡಿದ ಮೇಲೆ ಶೆಡ್ಡಿನ ಕಿಟಕಿಗಳಿಗೆಲ್ಲ ತಗಡು ಹೊಡೆದಿದ್ದಾರೆ. ಬೆಳಕೆಂದರೆ ನನ್ನ ಬೆಳಕೇ. ಮಹೇಶ್ ಸಾರ್ ಇವರನ್ನು ನೋಡಿ "ಏನಪ್ಪಾ ಕೊಟ್ರಪ್ಪ, ಹುಷಾರಾ?" ಅಂದರು, ಬೇರೆ ಕಡೆ ನೋಡುತ್ತಾ.

ಕಂಪ್ರೆಸರ್ ಹಾಕಿ ಸಾರ್ ಅಂದೆ. ಅದರ ಗದ್ದಲದಲ್ಲಿ ಬೇರೇನೂ ಕೇಳಿಸುವುದಿಲ್ಲ. ಆಮೇಲೆ ಇವರ ಲೇತ್ ಆನ್ ಮಾಡಿಸಿದೆ. ಚಕ್ಕು ತಿರುಗಿತು, ಮಬ್ಬಾಯಿತು. ಮಬ್ಬಿನೊಳಗಿಂದ ಹಲ್ಲುಗಳು ಒಂದೊಂದಾಗಿ ಕಾಣಿಸಿಕೊಂಡವು, ತೆವಳಿದವು, ನಿಂತವು. ನಾಲ್ಕು ಹಲ್ಲು. ಎಣಿಸಬಹುದಿತ್ತು.

"ಏನಿದು, ಟ್ರಿಪ್ ಆಯ್ತಾ?" ಎಂದು ಮಹೇಶ್ ಸಾರ್ ಮುಂದೆ ಬಗ್ಗಿದರು. ಅವರ ಕೈ ಚಕ್ಕಿನ ಕಡೆ ಏಳುವುದನ್ನು ನಾನು ನೋಡಿದೆ.

"ಮುಟ್ಟಬ್ಯಾಡ್ರಿ!"

ಕೂಗಿದ್ದು ಇವರು. ಬಾಗಿಲಿಂದ ಯಾವಾಗ ಒಳಗೆ ಬಂದರೋ, ಸಾರ್ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಎಳೆದರು. ಇಬ್ಬರೂ ತಗಡಿನ ಗೋಡೆಗೆ ಹೋಗಿ ಬಡಿದರು.

ನಾನು ಹಳದಿ ಬಲ್ಬ್ ಹೊತ್ತಿಸಿ ಎಲ್ಲ ಎಲ್‌ಇಡಿ ಆರಿಸಿದೆ. ಚಕ್ಕು ಹುಚ್ಚಿನಂತೆ ತಿರುಗುತ್ತಿತ್ತು. ಬಲ್ಬ್ ಆರಿಸಿ ಮತ್ತೆ ನನ್ನ ಲೈಟು ಹಾಕಿದೆ. ನಿಂತಿತ್ತು. ಹೀಗೆ ಮೂರು ಸಲ ಮಾಡಿದೆ. ನಾಲ್ಕನೇ ಸಲ ಮಾಡಲು ಹೋದಾಗ ಮಹೇಶ್ ಸಾರ್ "ಸಾಕಮ್ಮ" ಅಂದು ಮೆಷಿನ್ ಆಫ್ ಮಾಡಿದರು. ಕಂಪ್ರೆಸರ್ ಆಫ್ ಮಾಡಿದ ಮೇಲೆ ಕಿವಿಯಲ್ಲಿ ಬರೀ ಗುಂಯ್.

"ಲೈಟು ನಾನು ಮಾಡಿದ್ದು ಸಾರ್. ಒಂದೇ ಫೇಸಿಗೆ ಹಾಕಿದ್ದೂ ನಾನೇ. ಇವರು ಕುಡಿದಿರಲಿಲ್ಲ. ಹಂಗಂತ ಕಾಗದದಲ್ಲಿ ಬರೀರಿ."

ಅವರು ಮುಖ ಒರೆಸಿಕೊಂಡರು. "ಆ ಬಲ್ಬ್ ಕಿತ್ತಾಕು ಅಂದಿದ್ದು ನಾನೇ ಅಲ್ವೇನಮ್ಮ" ಅಂದರು. ಬರೆಯುತ್ತೇನೆ ಎಂದೂ ಅಂದರು. ಲೈಟು ಬದಲಾಗುವವರೆಗೆ ಇರಲಿ ಎಂದು ಹಳದಿ ಬಲ್ಬನ್ನು ಲೇತ್ ಮೇಲೇ ಬಿಟ್ಟೆ.

ಇವರು ನಿಂತ ಚಕ್ಕಿನ ಮುಂದೆ ನಿಂತೇ ಇದ್ದರು. ಎಡಗೈ ಚಾಚಿ ಒಂದು ಹಲ್ಲನ್ನು ಮುಟ್ಟಿದರು. ನನ್ನ ಕಡೆ ತಿರುಗಲಿಲ್ಲ. ಹೊರಗೆ ನಡೆದರು. ನಾನು ಸಾಮಾನು ಕಟ್ಟಿಕೊಂಡು ಓಡುವಷ್ಟರಲ್ಲಿ ಮೇನ್ ರೋಡಿನಲ್ಲಿ ಬಸ್ಸು ಬಂದಿತ್ತು. ಅದು ಪೂರ್ತಿ ನಿಂತಿರಲೂ ಇಲ್ಲ, ಹತ್ತಿ ಹೋಗಿಬಿಟ್ಟರು. ನನ್ನನ್ನು ಬಿಟ್ಟು ಹೋದರಲ್ಲ ಎಂದು ಅಲ್ಲೇ ಅತ್ತೆ. ಮುಂದಿನ ಬಸ್ಸು ನಲವತ್ತು ನಿಮಿಷ ತಡವಾಗಿ ಬಂತು.

ಸೆಪ್ಟೆಂಬರ್ 15, ಸೋಮವಾರ

ಮಾತಾಡುತ್ತಿಲ್ಲ.

ಸೆಪ್ಟೆಂಬರ್ 16, ಮಂಗಳವಾರ

ಬೆಳಿಗ್ಗೆ ತಾವೇ ಮಿಕ್ಸಿಯಿಂದ ಚಟ್ನಿ ತೆಗೆದುಕೊಂಡು ರೊಟ್ಟಿ ತಿಂದು ಹೊರಗೆ ಹೋದರು. ನನ್ನನ್ನು ಒಂದು ಚಮಚವನ್ನೂ ಕೇಳಲಿಲ್ಲ. ಇನ್ನು ಈ ಮನೆಯಲ್ಲಿ ನನಗೆ ಜಾಗ ಇಲ್ಲವೇನೋ.

ಮಧ್ಯಾಹ್ನ ಬಂದು ಕೂತು ಕೇಳಿದರು: "ದವಾಖಾನಿಯೊಳಗ ಮೊದಲ ಏನ್ ಕೇಳಿದಿ, ನೆನಪೈತೇನು?"

"ಐತ್ರಿ."

"ಹೂಂ" ಅಂದರು. ಅಷ್ಟೆ.

ಬೈಯಬಹುದಿತ್ತು. ಬೈದಿದ್ದರೆ ನಾನು ಏನಾದರೂ ಹೇಳಬಹುದಿತ್ತು.

ಸೆಪ್ಟೆಂಬರ್ 18, ಗುರುವಾರ

ಹೊಸ ಲೈಟಿನ ಮುಚ್ಚಳಕ್ಕೆ ಸ್ಕ್ರೂ ಹಾಕುತ್ತಿದ್ದೆ. ಎದುರಿಗೆ ಬಂದು ಕೂತರು.

"ಡ್ರೈವರ್ ಇಲ್ಲದವು ಇನ್ನೂ ಎಲ್ಲೆಲ್ಲಿ ಹಾಕೀದಿ?"

ಇಷ್ಟು ದಿನ ನಾನು ಒಂದೇ ಶೆಡ್ಡು, ಒಂದೇ ಕೈ ಎಂದು ಯೋಚಿಸುತ್ತಿದ್ದೆ. ಎರಡು ವರ್ಷದಿಂದ ಮಾಡಿ ಕೊಡುತ್ತಿದ್ದೇನೆ.

"ಮನಿ, ಅಂಗಡಿ ಬಿಡು. ತಿರುಗೋದು ಇರೋ ಜಾಗ ಅಷ್ಟ ಹೇಳು."

ಹೇಳಿದೆ. ಸುಂಕದಕಟ್ಟೆಯ ಜಂಬಣ್ಣನ ಮರ ಕಡೆಯುವ ಅಂಗಡಿ. ವಿಜಯನಗರದ ಹಿಟ್ಟಿನ ಗಿರಣಿ. ಕಾಮಾಕ್ಷಿಪಾಳ್ಯದಲ್ಲೇ ಪಾಲಿಶ್ ಮಾಡುವವರು ಇಬ್ಬರು. ಲಗ್ಗೆರೆಯಲ್ಲಿ ಒಂದು ಲೇತ್ ಶೆಡ್ಡು. ಮತ್ತೆ ಮೂರು ಲೈಟು ಕೆಂಗೇರಿ ಕಡೆಯವರೊಬ್ಬರು ಮನೆ ಬಾಗಿಲಿಗೇ ಬಂದು ಒಯ್ದಿದ್ದರು. ಹೆಸರು ಕೇಳಿರಲಿಲ್ಲ, ನಂಬರೂ ಇಲ್ಲ. ಗರಗಸದ ಮೆಷಿನ್ ಇದೆ ಎಂದಿದ್ದು ಮಾತ್ರ ನೆನಪಿದೆ.

ಇವರು ಎಡಗೈಯಲ್ಲಿ ಪೆನ್ನು ಹಿಡಿದು ಇದೇ ಪುಸ್ತಕದ ಹಿಂದಿನ ಪುಟದಲ್ಲಿ ಒಂದೊಂದೇ ಬರೆದುಕೊಂಡರು. ಅಕ್ಷರ ಸೊಟ್ಟ. ಕೆಂಗೇರಿಯ ಮುಂದೆ ಏನೂ ಬರೆಯಲಾಗದೆ ಒಂದು ಗೆರೆ ಎಳೆದರು.

ಆ ಗೆರೆ ನನ್ನನ್ನು ಬಿಡುವುದಿಲ್ಲ. ಈಗ ಬರೆಯುತ್ತಿರುವಾಗಲೂ ಎಲ್ಲೋ ಕೆಂಗೇರಿಯಲ್ಲಿ ಒಂದು ಗರಗಸ ನಿಂತಂತೆ ಕಾಣುತ್ತಿರಬಹುದು.

ಸೆಪ್ಟೆಂಬರ್ 20, ಶನಿವಾರ

ಮಹೇಶ್ ಸಾರ್ ಹೊಸ ಶೆಡ್ಡಿನ ಲೈಟು ಎಲ್ಲಿ ಎಂದು ಎರಡು ಸಲ ಫೋನ್ ಮಾಡಿದರು. ಇರುವ ಡ್ರೈವರೆಲ್ಲ ಮೊದಲು ಬೇರೆ ಕಡೆ ಹೋಗಬೇಕು ಸಾರ್, ನಿಮ್ಮದು ತಡವಾಗುತ್ತದೆ ಅಂದೆ. "ಹಬ್ಬ ಇದೆಯಲ್ಲಮ್ಮ" ಅಂದರು. "ಇರ್ಲಿ ಸಾರ್" ಅಂದೆ.

ಸುಂಕದಕಟ್ಟೆಗೆ ಇಬ್ಬರೂ ಹೋದೆವು. ಜಂಬಣ್ಣ ಮಂಚದ ಕಾಲು ಕಡೆಯುತ್ತಿದ್ದ. ಲೈಟು ಬಿಚ್ಚಬೇಕು ಅಂದಿದ್ದಕ್ಕೆ ಒಪ್ಪಲೇ ಇಲ್ಲ.

"ಚೆನ್ನಾಗ್ ಉರೀತಿರೋದನ್ನ ಯಾಕಮ್ಮ ಬಿಚ್ತೀಯ? ವರ್ಷ ಆಯ್ತು, ಒಂದ್ ದಿನ ತೊಂದ್ರೆ ಕೊಟ್ಟಿಲ್ಲ. ಹೊಸದು ಮಾರೋಕೆ ಇದೊಂದು ಹೊಸ ಕಥೆನಾ?"

ನಾನು ಆರಿ ಹೊತ್ತುವುದು, ಫೇಸು, ಡ್ರೈವರು ಎಂದು ಏನೇನೋ ಹೇಳಲು ಹೋಗಿ ತಡವರಿಸಿದೆ. ಇವರು ನನ್ನನ್ನು ದಾಟಿ ಮುಂದೆ ಹೋದರು. ಮೆಷಿನ್ನಿನ ಸ್ವಿಚ್ಚು ಆರಿಸಿದರು. ಬಲಗೈಯನ್ನು ಅವನ ಮುಂದಿನ ಹಲಗೆಯ ಮೇಲೆ, ಹೊಟ್ಟಿನ ನಡುವೆ, ಇಟ್ಟರು.

ಜಂಬಣ್ಣ ಕೈ ನೋಡಿದ. ಇವರ ಮುಖ ನೋಡಿದ.

"ನೀವ್ ಯಾರ್ ಅಣ್ಣ?"

"ಈ ಲೈಟ್ ಮಾಡಿದಾಕಿ ಗಂಡ" ಅಂದರು.

ಜಂಬಣ್ಣ ಎದ್ದು ಮೂಲೆಯಿಂದ ಏಣಿ ತಂದುಕೊಟ್ಟ. ಇವರು ಎಡಗೈಯಲ್ಲಿ ಅದನ್ನು ಗೋಡೆಗೆ ಒರಗಿಸಿ, ಮೊಣಕಾಲು ಕೊಟ್ಟು ಹಿಡಿದುಕೊಂಡರು. ನಾನು ಹತ್ತಿದೆ.